ಬೆಳೆದ ಬೆಕ್ಕಿಗೊಂದು ಮನೆ

ಬೆಕ್ಕನ್ನು ಸಾಕಬೇಕೆಂಬ ಸಂಕಲ್ಪ ಮಾಡಿದವರಲ್ಲಿ ಬಹುಮಂದಿ ಅರಸುವುದು ಕಣ್ಣು ಬಿಟ್ಟು ಕೆಲವೇ ವಾರಗಳಾದ ಮರಿಯನ್ನು. ಬೆಂಗಳೂರಿನ ಪ್ರಾಣಿರಕ್ಷಣಾ ಕೇಂದ್ರಗಳಲ್ಲಿ ಮರಿಗಳು ಬೇಗಬೇಗನೆ ಮನೆ ಸೇರುತ್ತಿರಲು, ಎರಡು ಮೂರು ವರ್ಷ ಪ್ರಾಯದ, ಮನುಷ್ಯರ ಸುಳಿವು ಕಂಡೊಡನೆ ಬಾಲವನ್ನು ನೆಟ್ಟಗೆ ನಿಮಿರಿಸಿ ಬಂದು ಪಂಜರದ ಸರಳಿಗೆ ಕೆನ್ನೆಯುಜ್ಜುವ ಸಾಧುಪ್ರಾಣಿಗಳು ತಿಂಗಳುಗಟ್ಟಲೆ ಅಲ್ಲಿಯೇ ಉಳಿದುಬಿಡುತ್ತವೆ. ಈ ಆಯ್ಕೆಯಲ್ಲಿ ವಿವೇಕ ಸಾಲದೆಂದು ನನ್ನ ದೃಢವಾದ ಅಭಿಪ್ರಾಯ.

ಮಾರ್ಜಾಲದ ಸ್ವಭಾವ ರೂಪುಗೊಳ್ಳುವ ಕಾಲ ಅತ್ಯಲ್ಪವಾದುದು. ಹುಟ್ಟಿದ ಎರಡನೆಯ ವಾರದಿಂದ ಏಳನೆಯ ವಾರದವರೆಗಿನ ಅವಧಿಯಲ್ಲಿ ಮನುಷ್ಯನ ಸ್ಪರ್ಶವನ್ನೂ ದನಿಯನ್ನೂ ಅರಿತ ಮರಿ ಬೆಳೆದ ಮೇಲೆಯೂ ನಮ್ಮನ್ನು ನಂಬುತ್ತದೆ. ಆ ಪರಿಚಯವಿಲ್ಲದೆ ಮೋರಿಯಂಚಿನಲ್ಲೋ ಹಾಳುಗೋಡೆಯ ಮರೆಯಲ್ಲೋ ಬೆಳೆದದ್ದು ಸಾಮಾನ್ಯವಾಗಿ ಜೀವಮಾನವೆಲ್ಲ ನಾಲ್ಕು ಮಾರು ದೂರದಲ್ಲಿಯೇ ನಿಲ್ಲುತ್ತದೆ. ಆದುದರಿಂದ, ಬೀದಿಯಿಂದ ಎತ್ತಿ ತಂದ ಪ್ರಾಯದ ಬೆಕ್ಕೊಂದು ಗುರುತಿಲ್ಲದವರ ತೊಡೆಯೇರಿ ಗುರುಗುರು ಸದ್ದು ಮಾಡುತ್ತ ಮುದುಡಿಕೊಂಡಿತೆಂದರೆ, ಅದು ಎಂದೋ ಯಾರದೋ ಮನೆಯ ಮುದ್ದಿನ ಬೆಕ್ಕಾಗಿದ್ದಿರಬೇಕೆಂದು ಊಹಿಸುವುದೇ ನ್ಯಾಯ. ಬಾಡಿಗೆಮನೆ ಬದಲಿಸುವಾಗಲೋ, ಬಾಣಂತಿ ಮನೆಗೆ ಬರುವಳೆಂಬ ಅಂಜಿಕೆಯಿಂದಲೋ, ಗೋಣಿಚೀಲದಲ್ಲಿ ಕಟ್ಟಿ ಮಾರುಕಟ್ಟೆಯ ಬಳಿ ಬಿಟ್ಟುಬರುವ ಪದ್ಧತಿ ನಮ್ಮಲ್ಲಿದೆ. ಬೆಕ್ಕನ್ನು ಕೊಂದವನು ಚಿನ್ನದ ಬೆಕ್ಕನ್ನು ಮಾಡಿಸಿ ದಾನ ಕೊಡಬೇಕೆಂದು ಹೆದರುವ ಜನರೂ ಹೀಗೆ ಬಿಟ್ಟುಬರುವುದಕ್ಕೆ ಹಿಂಜರಿಯುವುದಿಲ್ಲವೆಂಬುದು ನನಗೆ ಅತ್ಯಂತ ವ್ಯಥೆಯ ಸಂಗತಿ. ಹಸಿವು ನೀರಡಿಕೆಗಳಿಂದ ನರಳುವಂತೆ ಪ್ರಾಣಿಯನ್ನು ತ್ಯಜಿಸುವುದು 1960ರ ಪ್ರಾಣಿಹಿಂಸಾ ನಿವಾರಣಾ ಕಾಯಿದೆಯ ಪ್ರಕಾರ ಅಪರಾಧವೇ ಸರಿ. ಆದರೆ ಮೊದಲ ತಪ್ಪಿಗೆ ಆ ಕಾಯಿದೆ ಗೊತ್ತುಮಾಡಿದ ದಂಡ 10 ರೂಪಾಯಿಯಿಂದ 50 ರೂಪಾಯಿ.

ಮರಿ ಮುಂದೆ ಎಂತಹುದಾಗುವುದೋ ಯಾರು ಬಲ್ಲರು? ಬೆಳೆದ ಬೆಕ್ಕಿನ ಗುಣವಾದರೋ ಕಣ್ಣೆದುರಿಗೇ ಇದೆ. ಮಕ್ಕಳ ಗಲಾಟೆಯನ್ನು ತಾಳುವುದೋ, ನಾಯಿಯೊಡನೆ ಹೊಂದುವುದೋ, ಏಕಾಂತವನ್ನೇ ಬಯಸುವುದೋ ಎಂಬುದನ್ನು ಅದಕ್ಕೆ ದಿನವೂ ಅನ್ನವಿಕ್ಕುವವರೇ ಹೇಳಬಲ್ಲರು. ಕಿವಿಯ ತುದಿ ಚೂರು ಕತ್ತರಿಸಿದ್ದರೆ ಸಂತಾನಹರಣ ಚಿಕಿತ್ಸೆ ಮುಗಿದಿದೆಯೆಂದು ಅರ್ಥ.

ಮನೆಗೆ ತಂದ ಮೇಲೆ ಮೊದಲ ಕೆಲವು ದಿನ ಒಂದೇ ಕೋಣೆಯಲ್ಲಿ ನೀರು, ಆಹಾರ, ಮರಳಿನ ತಟ್ಟೆಗಳನ್ನಿಟ್ಟು ಸುಮ್ಮನಿರಬೇಕು. ಕೇಂದ್ರದಲ್ಲಿ ಅಷ್ಟು ಸಲಿಗೆಯಿಂದಿದ್ದದ್ದು ಮಂಚದಡಿಯನ್ನು ಸೇರಿ ಹೊರಗೇ ಬಾರದಿದ್ದರೆ ಗಾಬರಿಗೊಂಡು ಕೈಹಾಕಿ ಎಳೆಯಲಾಗದು. ಒಮ್ಮೆ ಮನೆ ಕಳೆದುಕೊಂಡ ಜೀವಕ್ಕೆ ಹೊಸ ಗೋಡೆಗಳ ವಾಸನೆ ಒಗ್ಗುವುದಕ್ಕೆ ಕಾಲ ಬೇಕು. ಬಟ್ಟಲು ತುಂಬ ಹಾಲು ಕೊಡುವುದೂ ಹಿತವಲ್ಲ: ಪ್ರಾಯದ ಬೆಕ್ಕುಗಳಲ್ಲಿ ಹಲವಕ್ಕೆ ಅದು ಅರಗದೆ ಭೇದಿಯಾಗುತ್ತದೆ. ಮೊಸರನ್ನದಿಂದಲೇ ಸಾಕುತ್ತೇವೆಂಬ ಮನೆಗಳವರು ಇನ್ನೊಂದನ್ನು ತಿಳಿದಿರಬೇಕು. ಟಾರಿನ್ ಎಂಬ ಪೋಷಕಾಂಶವನ್ನು ಬೆಕ್ಕಿನ ಶರೀರ ಸಾಕಷ್ಟು ತಯಾರಿಸಲಾರದು. ಮಾಂಸ ಮೀನುಗಳಿಂದ ದೊರೆಯುವ ಅದು ಬಹುಕಾಲ ತಪ್ಪಿದರೆ ದೃಷ್ಟಿ ಕುಂದುತ್ತದೆ, ಹೃದಯ ದುರ್ಬಲವಾಗುತ್ತದೆ. ಅಂಗಡಿಯಲ್ಲಿ ಸಿಕ್ಕುವ ಬೆಕ್ಕಿನ ಸಿದ್ಧಾಹಾರದಲ್ಲಿ ಅದನ್ನು ಸೇರಿಸಿರುವುದರಿಂದ, ಅಡುಗೆಮನೆಗೆ ಮೀನನ್ನು ತರಲೊಲ್ಲದವರಿಗೂ ಬೆಕ್ಕನ್ನು ಸಾಕುವ ದಾರಿಯಿದೆ.