ಕಂಪ್ಯೂಟರ್ ಯಾಕೆ ಮುಗ್ಗರಿಸಿತು?

ಚಳಿ ಹೋಗಿ ಬಿಸಿಲು ಏರುತ್ತಿದ್ದ ಮಾರ್ಚ್ ತಿಂಗಳ ಒಂದು ಭಾನುವಾರ. ಅಣ್ಣಿಗೇರಿ ಹತ್ತಿರದ ಹಳ್ಳಿಯಿಂದ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ತನ್ನ ತಂದೆಯ ಜೊತೆ ಮನೆಗೆ ಬಂದ. ಹುಡುಗ ಹುಬ್ಬಳ್ಳಿಯಲ್ಲಿ ಡಿಪ್ಲೊಮಾ ಓದುತ್ತಾನೆ. ತಂದೆ ಒಣಬೇಸಾಯದ ರೈತರು. ಇಬ್ಬರ ಮುಖವೂ ಬಿಗಿದುಕೊಂಡಿತ್ತು. ದಾರಿಯಲ್ಲಿ ಜಗಳಾಡುತ್ತಲೇ ಬಂದಿದ್ದಾರೆಂದು ತಿಳಿಯಲು ಹೆಚ್ಚು ಹೊತ್ತು ಬೇಕಾಗಲಿಲ್ಲ.

“ಸರ, ಎರಡ ವರ್ಷದ ಹಿಂದ ಸೆಕೆಂಡ್ ಹ್ಯಾಂಡ್ ಕಂಪ್ಯೂಟರ್ ಕೊಡಿಸೇನಿ. ಈಗ ಅದಕ್ಕ ಮತ್ತ ಮೂವತ್ತ ಸಾವಿರದ ಕಾರ್ಡ್ ಬೇಕಂತಾನ. ಹತ್ತಿ ಮಾರಿ ಕೊಡಸಲ್ಯೋ, ಬ್ಯಾಡೋ, ನೀವ ಹೇಳ್ರಿ” ಎಂದರು ತಂದೆ.

“ಆಟ ಆಡುವಾಗ ಮೊದಲ ಹತ್ತ ನಿಮಿಷ ಛಲೋ ಓಡತೈತ್ರಿ ಸರ. ಆಮ್ಯಾಲ ತಡದ ತಡದ ಓಡತೈತಿ. ಅಂಗಡ್ಯಾವ್ರು ಗ್ರಾಫಿಕ್ಸ್ ಕಾರ್ಡ್ ಹಳೇದಾಗೇತಿ ಅಂದ್ರು” ಎಂದ ಮಗ.

ಅಂಗಡಿಯವರು ಪೆಟ್ಟಿಗೆ ತೆರೆದು ನೋಡಿದ್ದರೇ ಎಂದು ಕೇಳಿದೆ. ಇಲ್ಲವಂತೆ, ಫೋನಿನಲ್ಲೇ ರೋಗ ಹೇಳಿ ಮದ್ದನ್ನೂ ಬರೆದುಕೊಟ್ಟಿದ್ದರು! ಆಟವಾಡುವ ಕಂಪ್ಯೂಟರು ಮುಗ್ಗರಿಸುವುದು ಈಗ ಎಷ್ಟೋ ಮನೆಗಳ ದೂರು. ಆದ್ದರಿಂದ ಅಂದು ನಾವು ಮಾಡಿದ ತಪಾಸಣೆಯನ್ನೇ ಈ ವಾರದ ಪಾಠವಾಗಿ ನಿಮ್ಮ ಮುಂದಿಡುತ್ತೇನೆ.

ಮೊದಲು ಒಂದು ಸಣ್ಣ ಲೆಕ್ಕ. ಪರದೆಯ ಮೇಲಿನ ಆಟವೂ ಸಿನಿಮಾದಂತೆ ಬಿಡಿಬಿಡಿ ಚಿತ್ರಗಳ ಸಾಲು. ಇಂಥ ಒಂದು ಚಿತ್ರಕ್ಕೆ ಫ್ರೇಮ್ ಎನ್ನುತ್ತಾರೆ. ಸೆಕೆಂಡಿಗೆ 60 ಫ್ರೇಮ್ ಬರಬೇಕಾದರೆ ಒಂದೊಂದಕ್ಕೆ ಸಿಗುವ ಸಮಯ 1000 ಮಿಲಿಸೆಕೆಂಡು ಭಾಗಿಸು 60, ಅಂದರೆ ಸುಮಾರು 16.67 ಮಿಲಿಸೆಕೆಂಡು. ಈಗ ಹೀಗೆ ಊಹಿಸಿಕೊಳ್ಳಿ: ಒಂದು ಸೆಕೆಂಡಿನಲ್ಲಿ 50 ಫ್ರೇಮುಗಳು ತಲಾ 16 ಮಿಲಿಸೆಕೆಂಡಿನಂತೆ 800 ಮಿಲಿಸೆಕೆಂಡಿನಲ್ಲಿ ಬಂದವು. ಮುಂದಿನ ಒಂದೇ ಒಂದು ಫ್ರೇಮ್ 200 ಮಿಲಿಸೆಕೆಂಡು ತೆಗೆದುಕೊಂಡಿತು. ಎಣಿಸುವ ಯಂತ್ರ ‘ಸೆಕೆಂಡಿಗೆ 51 ಫ್ರೇಮ್, ಚೆನ್ನಾಗಿದೆ’ ಎನ್ನುತ್ತದೆ. ಕಣ್ಣು ಮಾತ್ರ ಸೆಕೆಂಡಿನ ಐದನೆಯ ಒಂದು ಭಾಗ ಚಿತ್ರ ನಿಂತದ್ದನ್ನು ಕಂಡಿರುತ್ತದೆ. ಸರಾಸರಿ ಒಳ್ಳೆಯದಿದ್ದರೂ ಆಟ ಮುಗ್ಗರಿಸಬಹುದು. ವರ್ಷದ ಒಟ್ಟು ಮಳೆ ಸರಿಯಾಗಿ ಬಿದ್ದೂ, ಬೇಕಾದ ಹದಿನೈದು ದಿನ ಕೈಕೊಟ್ಟರೆ ಬೆಳೆ ಹೋಗುವುದಿಲ್ಲವೇ? ಹಾಗೆ.

ಆದ್ದರಿಂದ ದೂರನ್ನು ಮೊದಲು ವಿಂಗಡಿಸಿಕೊಳ್ಳಬೇಕು. ಆಟ ಮೊದಲಿನಿಂದ ಕೊನೆಯವರೆಗೂ ಒಂದೇ ಸಮನೆ ನಿಧಾನವಾಗಿದ್ದರೆ ಅದು ಶಕ್ತಿ ಸಾಲದ್ದು. ಚೆನ್ನಾಗಿ ಓಡುತ್ತ ನಡುನಡುವೆ ತಡೆದರೆ ಅದು ಮುಗ್ಗರಿಕೆ. ನಿಮ್ಮ ನೋಟ ಸರಾಗವಾಗಿ ತಿರುಗುತ್ತಿದ್ದು, ಎದುರಾಳಿಗಳು ಮಾತ್ರ ಇದ್ದಲ್ಲಿಂದ ಇನ್ನೊಂದೆಡೆಗೆ ಜಿಗಿಯುತ್ತಿದ್ದರೆ ಅದು ಇಂಟರ್ನೆಟ್ಟಿನ ದೋಷ. ಈ ಮೂರನೆಯದಕ್ಕೆ ಎಷ್ಟೇ ಬೆಲೆಯ ಕಾರ್ಡ್ ಹಾಕಿದರೂ ಹಣ ಹೋಗುತ್ತದೆ, ದೋಷ ಹೋಗುವುದಿಲ್ಲ.

ಇನ್ನು ಪೆಟ್ಟಿಗೆಯೊಳಗೆ ನಡೆಯುವುದೇನು? ನಮ್ಮ ಕಡೆಯ ಮದುವೆ ಮನೆಯಲ್ಲಿ ಜೋಳದ ರೊಟ್ಟಿ ಮಾಡುವುದನ್ನು ನೆನೆಯಿರಿ. ಒಬ್ಬರು ಹಿಟ್ಟು ನಾದಿ ಕೊಡುತ್ತಾರೆ, ಇನ್ನೊಬ್ಬರು ಬಡಿಯುತ್ತಾರೆ, ಮತ್ತೊಬ್ಬರು ಹಂಚಿನ ಮೇಲೆ ಬೇಯಿಸುತ್ತಾರೆ. ಹಂಚು ಒಂದೇ ಇದ್ದಾಗ ಬಡಿಯುವವರನ್ನು ಹತ್ತು ಮಂದಿ ಕೂಡ್ರಿಸಿದರೆ ರೊಟ್ಟಿ ಹೆಚ್ಚಾಗುವುದಿಲ್ಲ, ಬಡಿದ ರೊಟ್ಟಿಗಳ ರಾಶಿ ಹೆಚ್ಚಾಗುತ್ತದೆ. ಕಂಪ್ಯೂಟರಿನಲ್ಲಿ ಹಾರ್ಡ್ ಡಿಸ್ಕ್ ಅಥವಾ ಎಸ್‌ಎಸ್‌ಡಿ ಹಿಟ್ಟಿನ ಕಣಜ. ರ‍್ಯಾಮ್ ಕೈಗೆ ಸಿಗುವಂತೆ ಹಿಟ್ಟು ಇಟ್ಟುಕೊಂಡ ಪರಾತ. ಪ್ರೊಸೆಸರ್ ನಾದಿ ಉಂಡೆ ಕಟ್ಟಿ ಕೊಡುವವರು, ಅಂದರೆ ಯಾರು ಎಲ್ಲಿದ್ದಾರೆ, ಮುಂದೇನಾಗಬೇಕು ಎಂದು ಲೆಕ್ಕ ಹಾಕುವುದು ಅದರ ಕೆಲಸ. ಆ ಲೆಕ್ಕವನ್ನು ಚಿತ್ರವಾಗಿಸಿ ಪರದೆಗೆ ಕಳಿಸುವ ಗ್ರಾಫಿಕ್ಸ್ ಕಾರ್ಡ್ ಬಡಿದು ಬೇಯಿಸುವವರು. ಸಾಲಿನಲ್ಲಿ ಯಾರು ಬಿಡುವಿಲ್ಲದೆ ದುಡಿಯುತ್ತಿದ್ದಾರೆ, ಯಾರು ಕೈಕಟ್ಟಿ ಕೂತಿದ್ದಾರೆ ಎಂಬುದನ್ನು ನೋಡಿದರೆ ಕೆಲಸ ಎಲ್ಲಿ ಕಟ್ಟಿದೆ ಎಂದು ಗೊತ್ತಾಗುತ್ತದೆ. ಇದಕ್ಕೇ ತಂತ್ರಜ್ಞರು ‘ಬಾಟಲ್‌ನೆಕ್’ ಎನ್ನುವುದು. ಸೀಸೆಯ ಹೊಟ್ಟೆ ಎಷ್ಟು ದೊಡ್ಡದಿದ್ದರೂ ನೀರು ಸುರಿಯುವುದು ಕುತ್ತಿಗೆಯ ಅಳತೆಯಲ್ಲಿ.

ಅಂದೇ ಅವರ ಊರಿಗೆ ಹೋದೆವು. ಕಂಪ್ಯೂಟರು ಪಡಸಾಲೆಯ ಮೂಲೆಯಲ್ಲಿತ್ತು. ಮಾನಿಟರಿನ ಕೇಬಲ್ ಗ್ರಾಫಿಕ್ಸ್ ಕಾರ್ಡಿಗೇ ಸಿಕ್ಕಿಸಿದೆಯೇ ಎಂದು ಮೊದಲು ನೋಡಿದೆ. ಬಹಳ ಮನೆಗಳಲ್ಲಿ ಅದನ್ನು ಮದರ್‌ಬೋರ್ಡಿಗೆ ಸಿಕ್ಕಿಸಿ, ಕಾರ್ಡಿಗೆ ಕೆಲಸವೇ ಇಲ್ಲದಂತೆ ಮಾಡಿರುತ್ತಾರೆ. ಇಲ್ಲಿ ಸರಿಯಾಗಿತ್ತು. ಆಮೇಲೆ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಕೀಲಿಗಳನ್ನು ಒಟ್ಟಿಗೆ ಒತ್ತಿದೆ. ವಿಂಡೋಸಿನ ಟಾಸ್ಕ್ ಮ್ಯಾನೇಜರ್ ತೆರೆಯಿತು. ಅದರ ಪರ್ಫಾರ್ಮೆನ್ಸ್ ಪುಟದಲ್ಲಿ ಪ್ರೊಸೆಸರ್, ಮೆಮೊರಿ, ಡಿಸ್ಕ್, ಗ್ರಾಫಿಕ್ಸ್ ನಾಲ್ಕೂ ಎಷ್ಟೆಷ್ಟು ದುಡಿಯುತ್ತಿವೆ ಎಂದು ಕಾಣುತ್ತದೆ. ಇದಕ್ಕೆ ಒಂದು ಪೈಸೆ ಖರ್ಚಿಲ್ಲ.

ಮೆಮೊರಿ ಶೇಕಡಾ 93 ತುಂಬಿತ್ತು. 8 ಜಿಬಿಯ ಒಂದೇ ಪಟ್ಟಿ. “ಸಿಕ್ಕಿತು, ರ‍್ಯಾಮ್ ಸಾಲದು” ಎಂದುಬಿಟ್ಟೆ. ಹುಡುಗ ಗೆಳೆಯನ ಮನೆಗೆ ಓಡಿ ಅಂಥದೇ ಇನ್ನೊಂದು 8 ಜಿಬಿ ಪಟ್ಟಿ ತಂದ. ಹಾಕಿದೆವು. ಮೊದಲಿಗೆ ಹೊಸ ಬೀದಿಗೆ ಹೊಕ್ಕಾಗೆಲ್ಲ ಆಗುತ್ತಿದ್ದ ಸಣ್ಣ ತಡೆಗಳು ಕಡಿಮೆಯಾದವು. ನಾನು ಬೀಗಿದೆ. ಆದರೆ ಹನ್ನೆರಡನೆಯ ನಿಮಿಷಕ್ಕೆ ಹಳೆಯ ಮುಗ್ಗರಿಕೆ ಇದ್ದಂತೆಯೇ ಬಂದಿತು! ತಪ್ಪು ನನ್ನದೇ. ‘ಮೊದಲ ಹತ್ತು ನಿಮಿಷ ಛಲೋ ಓಡತೈತಿ’ ಎಂದು ಹುಡುಗ ಬಂದ ಕೂಡಲೇ ಹೇಳಿದ್ದ. ರೋಗಿಯ ಮಾತು ಪೂರ್ತಿ ಕೇಳದೆ ಚೀಟಿ ಬರೆಯುವ ವೈದ್ಯನಂತೆ ನಾನೂ ನಡೆದುಕೊಂಡಿದ್ದೆ. ಅಂಗಡಿಯವರನ್ನು ದೂರಲು ನನಗೇನು ಹಕ್ಕು?

ರ‍್ಯಾಮ್ ತುಂಬಿದರೆ ತಡೆಯೇಕೆ ಎಂಬುದನ್ನೂ ಇಲ್ಲಿ ಹೇಳಿಬಿಡುತ್ತೇನೆ. ಪರಾತದಲ್ಲಿ ಜಾಗವಿಲ್ಲದಾಗ ಪದೇ ಪದೇ ಕಣಜಕ್ಕೆ ಹೋಗಬೇಕು. ಆ ಹುಡುಗನ ಕಣಜ ಹಳೆಯ ಹಾರ್ಡ್ ಡಿಸ್ಕ್, ನಿಮಿಷಕ್ಕೆ 7200 ಸುತ್ತು ತಿರುಗುವಂಥದು. ಸೆಕೆಂಡಿಗೆ 120 ಸುತ್ತಾಯಿತು. ಒಂದು ಸುತ್ತಿಗೆ 8.33 ಮಿಲಿಸೆಕೆಂಡು. ಒಂದು ಫ್ರೇಮಿಗೆ ಇರುವ ಗಡುವು 16.67, ಅಂದರೆ ಸರಿಯಾಗಿ ಎರಡು ಸುತ್ತು. ಓದುವ ಮುಳ್ಳು ಜಾಗ ಹುಡುಕಿ ಸರಿಯುವ ಹೊತ್ತು ಬೇರೆ. ಅಲ್ಲಿಂದ ಹತ್ತು ಚೂರು ತರುವಷ್ಟರಲ್ಲಿ ಗಡುವು ಎಷ್ಟು ಸಲ ಮೀರುತ್ತದೆ, ನೀವೇ ಲೆಕ್ಕ ಹಾಕಿ. ತಿರುಗುವ ಭಾಗವೇ ಇಲ್ಲದ ಎಸ್‌ಎಸ್‌ಡಿಯಲ್ಲಿ ಈ ಕಾಯುವಿಕೆ ಬಹಳ ಕಡಿಮೆ.

ಈಗ ಕ್ರಮವಾಗಿ ಹೊರಟೆವು. ಹುಡುಗನಿಗೆ ಒಂದು ನೋಟುಪುಸ್ತಕ ಹಿಡಿಸಿದೆ. ನಿಯಮ ಎರಡೇ. ಪ್ರತಿಸಲ ಆಟದ ಅದೇ ಜಾಗದಲ್ಲಿ ಅಷ್ಟೇ ಹೊತ್ತು ಆಡಬೇಕು, ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು. ಪ್ರಯೋಗಶಾಲೆಯಲ್ಲಿ ನಾವು ಮಾಡುವುದೂ ಇದನ್ನೇ. ಎರಡು ನಿಮಿಷಕ್ಕೊಮ್ಮೆ ಅವನು ಅಂಕಿ ಬರೆದ. ಮೊದಲಿಗೆ ಗ್ರಾಫಿಕ್ಸ್ ಕಾರ್ಡಿನ ದುಡಿಮೆ ಶೇಕಡಾ 97. ಇದಕ್ಕೆ ಹೆದರಬೇಕಾಗಿಲ್ಲ, ಆಟದಲ್ಲಿ ಕಾರ್ಡ್ ಪೂರ್ತಿ ದುಡಿಯುವುದು ಆರೋಗ್ಯದ ಲಕ್ಷಣ. ಆದರೆ ಮುಗ್ಗರಿಕೆ ಶುರುವಾದೊಡನೆ ಅದು 50ರ ಆಸುಪಾಸಿಗೆ ಇಳಿಯಿತು. ಅಂದರೆ ಹಳೆಯದೆಂದು ಬೈಸಿಕೊಂಡ ಕಾರ್ಡ್ ಆ ಹೊತ್ತಿನಲ್ಲಿ ಅರ್ಧ ಕೆಲಸವಿಲ್ಲದೆ ಕೂತಿತ್ತು! ಹೊಸ ಕಾರ್ಡ್ ತಂದಿದ್ದರೆ ಅದೂ ಹೀಗೆಯೇ ಕೂಡುತ್ತಿತ್ತು, ಮೂವತ್ತು ಸಾವಿರ ನುಂಗಿ.

ಇನ್ನೂ ಖಾತ್ರಿಯಾಗಲೆಂದು ಆಟದ ರೆಸಲ್ಯೂಶನ್ ಇಳಿಸಿದೆವು. 1920 ಗುಣಿಸು 1080 ಎಂದರೆ 20,73,600 ಚುಕ್ಕೆಗಳು. 1280 ಗುಣಿಸು 720 ಎಂದರೆ 9,21,600. ಚಿತ್ರ ಬಿಡಿಸುವ ಕೆಲಸ ಅರ್ಧಕ್ಕಿಂತ ಕಡಿಮೆಯಾಯಿತು. ಕಾರ್ಡ್ ಸಾಲದಿದ್ದರೆ ಈಗ ವೇಗ ಹೆಚ್ಚಬೇಕು. ಹೆಚ್ಚಲಿಲ್ಲ. ಅಂದಮೇಲೆ ಸಂಶಯ ನಾದಿ ಕೊಡುವ ಪ್ರೊಸೆಸರಿನ ಮೇಲೆ. ಇಲ್ಲಿ ಒಂದು ಎಚ್ಚರ: ಪ್ರೊಸೆಸರಿನ ಒಟ್ಟು ದುಡಿಮೆ ಶೇಕಡಾ 30 ಎಂದು ತೋರಿಸಿದರೂ ಅದರ ಆರು ಕೋರುಗಳಲ್ಲಿ ಒಂದು ಪೂರ್ತಿ ಬಳಲಿರಬಹುದು. ಕೋರುಗಳನ್ನು ಬಿಡಿಯಾಗಿ ನೋಡಬೇಕು.

ಎಚ್‌ಡಬ್ಲ್ಯೂ ಇನ್‌ಫೊ ಎಂಬ ಉಚಿತ ತಂತ್ರಾಂಶದಲ್ಲಿ ಪ್ರೊಸೆಸರಿನ ಉಷ್ಣತೆ ನೋಡಿದೆವು. 98 ಡಿಗ್ರಿ! ವೇಗ ಮೊದಲಿದ್ದುದರ ಅರ್ಧಕ್ಕೆ ಇಳಿದಿತ್ತು. ಬಹುತೇಕ ಪ್ರೊಸೆಸರುಗಳು 95ರಿಂದ 100 ಡಿಗ್ರಿ ಹತ್ತಿರ ಬಂದರೆ ಸುಟ್ಟುಹೋಗದಂತೆ ತಾವೇ ವೇಗ ತಗ್ಗಿಸಿಕೊಳ್ಳುತ್ತವೆ, ಬಿಸಿಲಿನಲ್ಲಿ ಕುಂಟೆ ಹೊಡೆಯುವ ಎತ್ತು ನಡಿಗೆ ತಗ್ಗಿಸಿದಂತೆ. ತುಸು ತಂಪಾದೊಡನೆ ಮತ್ತೆ ಓಡುತ್ತವೆ, ಕಾಯುತ್ತವೆ, ನಿಲ್ಲುತ್ತವೆ. ಅದೇ ನಮ್ಮ ಮುಗ್ಗರಿಕೆ. ಹತ್ತು ನಿಮಿಷ ಚೆನ್ನಾಗಿ ಓಡಿದ್ದೇಕೆ? ಲೋಹ ಕಾಯಲು ಅಷ್ಟು ಹೊತ್ತು ಬೇಕಾಗುತ್ತಿತ್ತು, ಅಷ್ಟೆ.

ವಿದ್ಯುತ್ ತೆಗೆದು, ಪ್ಲಗ್ ಕಿತ್ತು, ಪೆಟ್ಟಿಗೆ ಬಿಚ್ಚಿದೆವು. ಪ್ರೊಸೆಸರಿನ ಮೇಲಿನ ಫ್ಯಾನು ತೆಗೆದಾಗ ಅದರ ಕೆಳಗಿನ ಅಲ್ಯೂಮಿನಿಯಂ ರೆಕ್ಕೆಗಳೇ ಕಾಣಲಿಲ್ಲ. ಬೂದು ಬಣ್ಣದ ಕಂಬಳಿಯಂಥದು ಅವುಗಳ ಮೇಲೆ ಹಾಸಿತ್ತು. ಚಿಮಟಿಗೆಯಿಂದ ಎಳೆದರೆ ಹತ್ತಿ! ದೇವರ ದೀಪಕ್ಕೆ ಹತ್ತು ಬತ್ತಿ ಹೊಸೆಯುವಷ್ಟು ಹತ್ತಿ. ತಿರುಗಿ ನೋಡಿದೆ. ಪಡಸಾಲೆಯ ಇನ್ನೊಂದು ಗೋಡೆಗೆ, ದರ ಏರಲೆಂದು ಕಾದು ಇಟ್ಟ ಹತ್ತಿಯ ರಾಶಿ ಜಂತಿ ಮುಟ್ಟಿತ್ತು. ಅದರ ಎಳೆಗಳನ್ನೂ ಎರೆಮಣ್ಣಿನ ಧೂಳನ್ನೂ ಫ್ಯಾನು ತಿಂಗಳುಗಟ್ಟಲೆ ಒಳಗೆ ಎಳೆದುಕೊಂಡಿತ್ತು.

ತಂದೆ ಮೊದಲ ಸಲ ನಕ್ಕರು. “ಹತ್ತಿ ಮಾರಿ ಕಾರ್ಡ್ ಕೊಡಸಾಕ ಹೊಂಟಿದ್ದೆ. ಹತ್ತೀನ ಇದರ ಮೂಗ ಮುಚ್ಚಿತ್ತೇನ್ರಿ!”

ಮೆತ್ತನೆಯ ಬ್ರಷ್ಷಿನಿಂದ ಒರೆಸಿ, ಸೈಕಲ್ ಪಂಪಿನಿಂದ ಗಾಳಿ ಹೊಡೆದು, ಒಣಗಿದ್ದ ಥರ್ಮಲ್ ಪೇಸ್ಟ್ ತೆಗೆದು ಹೊಸದು ಹಚ್ಚಿದೆವು. ಅದೇ ಆಟ, ಅದೇ ಜಾಗ, ಅರ್ಧ ಗಂಟೆ. ಉಷ್ಣತೆ 74 ಡಿಗ್ರಿ ದಾಟಲಿಲ್ಲ. ಮುಗ್ಗರಿಕೆ ಹೋಯಿತು. ಖರ್ಚು ಪೇಸ್ಟಿನ ಒಂದು ಸಣ್ಣ ಟ್ಯೂಬು. ಗೆಳೆಯನ ರ‍್ಯಾಮ್ ಹಿಂದಿರುಗಿಸಿ, ತನ್ನದೇ ಇನ್ನೊಂದು ಪಟ್ಟಿಯನ್ನು ಹಣ ಕೂಡಿಸಿ ಕೊಳ್ಳುವುದಾಗಿ ಹುಡುಗ ಹೇಳಿದ. ಅದು ಸರಿಯಾದ ಖರ್ಚು, ಏಕೆಂದರೆ ಅಳೆದು ನೋಡಿ ತಿಳಿದದ್ದು. ಪೆಟ್ಟಿಗೆಯನ್ನೂ ಒಳಕೋಣೆಗೆ ಸಾಗಿಸಿದರು.

ತಂದೆಗೆ ನಾನು ಹೇಳಿದ ಮಾತು ಇಷ್ಟು. ನೀವು ಹೊಲಕ್ಕೆ ಗೊಬ್ಬರ ಹಾಕುವ ಮೊದಲು ಮಣ್ಣು ಪರೀಕ್ಷೆ ಮಾಡಿಸುತ್ತೀರಿ. ಸತುವಿನ ಕೊರತೆ ಇರುವ ಹೊಲಕ್ಕೆ ಚೀಲಗಟ್ಟಲೆ ಯೂರಿಯಾ ಸುರಿದರೆ ಪೈರು ಏಳುವುದಿಲ್ಲ. ಯಾವುದು ಅತಿ ಕಡಿಮೆ ಇದೆಯೋ ಅದೇ ಬೆಳೆಯ ಮಿತಿ ಎಂಬ ಈ ನಿಯಮವನ್ನು 19ನೆಯ ಶತಮಾನದಲ್ಲಿ ಪ್ರಚಾರಕ್ಕೆ ತಂದವರು ಜರ್ಮನಿಯ ರಸಾಯನ ವಿಜ್ಞಾನಿ ಲೀಬಿಗ್. 1967ರಲ್ಲಿ ಜೀನ್ ಆಮ್‌ಡಾಲ್ ಎಂಬ ಎಂಜಿನಿಯರ್ ಕಂಪ್ಯೂಟರಿನ ಬಗ್ಗೆ ಇದಕ್ಕೆ ಹತ್ತಿರದ ಮಾತನ್ನೇ ಹೇಳಿದರು. ಹತ್ತು ನಿಮಿಷದ ಕೆಲಸದಲ್ಲಿ ನಾಲ್ಕು ನಿಮಿಷದ ಭಾಗವನ್ನು ನೀವು ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಸಿದರೂ ಉಳಿದ ಆರು ನಿಮಿಷ ಹಾಗೆಯೇ ಇರುತ್ತದೆ.

ವಿದ್ಯಾರ್ಥಿಗಳಿಗೆ ಕೆಲವು ಎಚ್ಚರಿಕೆಗಳು. ಪೆಟ್ಟಿಗೆ ತೆರೆಯುವ ಮುನ್ನ ಪ್ಲಗ್ ಕೀಳಲೇಬೇಕು. ಲೋಹದ ಚೌಕಟ್ಟು ಮುಟ್ಟಿ ಮೈಯ ಸ್ಥಿರ ವಿದ್ಯುತ್ತನ್ನು ಕಳೆದುಕೊಳ್ಳಬೇಕು. ಗಾಳಿ ಹೊಡೆಯುವಾಗ ಫ್ಯಾನು ತಿರುಗದಂತೆ ಬೆರಳಿನಿಂದ ಹಿಡಿಯಬೇಕು. ವಿದ್ಯುತ್ ಪೂರೈಸುವ ಎಸ್‌ಎಂಪಿಎಸ್ ಡಬ್ಬಿಯನ್ನು ಎಂದೂ ಬಿಚ್ಚಬಾರದು, ಪ್ಲಗ್ ತೆಗೆದ ಮೇಲೂ ಅದರ ಕೆಪಾಸಿಟರುಗಳಲ್ಲಿ ಅಪಾಯದ ವಿದ್ಯುತ್ತು ಉಳಿದಿರುತ್ತದೆ. ಇನ್ನೊಂದು ಸಂಗತಿ: ಆಟದಲ್ಲಿ ಒಂದು ಜಾಗಕ್ಕೆ ಮೊದಲ ಸಲ ಹೋದಾಗ ತಡೆದು, ಎರಡನೆಯ ಸಲ ತಡೆಯದಿದ್ದರೆ ಅದು ಬಹುಮಟ್ಟಿಗೆ ಆಟದ ತಂತ್ರಾಂಶ ತನ್ನ ಚಿತ್ರವಿಧಿಗಳನ್ನು ಆಗಷ್ಟೇ ಸಿದ್ಧಪಡಿಸಿಕೊಳ್ಳುತ್ತಿರುವುದರಿಂದ. ಅದಕ್ಕೆ ಯಂತ್ರವನ್ನು ದೂರಬೇಡಿ.

ಪಾಲಕರೇ, ಮಗ ಆಟಕ್ಕಾಗಿ ಹಣ ಕೇಳಿದಾಗ ಬೈಯುವ ಮೊದಲು, ಕೊಡುವ ಮೊದಲು ಕೂಡ, ಒಂದು ಪ್ರಶ್ನೆ ಕೇಳಿ: “ಅಳೆದು ನೋಡಿದಿಯಾ? ಬರೆದದ್ದು ತೋರಿಸು.” ಆ ಹುಡುಗನ ನೋಟುಪುಸ್ತಕದ ಎರಡು ಪುಟ ನನ್ನ ಬಳಿ ಇವೆ. ಹತ್ತನೆಯ ತರಗತಿಯಲ್ಲಿ ಪ್ರಯೋಗದ ವರದಿಯನ್ನು ಪಕ್ಕದವನದು ನೋಡಿ ಬರೆಯುತ್ತಿದ್ದವನು ಅವನು. ಈ ಎರಡು ಪುಟ ಮಾತ್ರ ಪೂರಾ ಅವನದೇ.