ಕಲ್ಲು ಕಂಡವರು ಬರೆದು ಕಳಿಸಲಿ
ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಕಡೆ ಕೆರೆ ಏರಿಯ ಮೇಲೋ ಹೊಲದ ಬದುವಿನಲ್ಲೋ ವೀರಗಲ್ಲೊಂದು ಕಂಡರೆ ಹುಡುಗರು ಫೋಟೊ ತೆಗೆದು ವಾಟ್ಸ್‌ಆ್ಯಪಿಗೆ ಹಾಕಿ ಸುಮ್ಮನಾಗುತ್ತಾರೆ. ಅಷ್ಟಕ್ಕೇ ಬಿಡಬೇಡಿ. ನೊಳಂಬರು, ನಿಡುಗಲ್ಲಿನ ಚೋಳರು ಆಳಿದ ಸೀಮೆ ಇದು. ಮೊದಲು ಬಿ.ಎಲ್. ರೈಸ್ 1904ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯ ಕರ್ನಾಟಿಕದ 12ನೇ ಸಂಪುಟ ತೆರೆಯಿರಿ. ತುಮಕೂರು ಜಿಲ್ಲೆಯ ಶಾಸನಗಳು ಅದರಲ್ಲಿ ತಾಲ್ಲೂಕುವಾರು ಇವೆ. ಪೂರಕವಾದ 16ನೇ ಸಂಪುಟವನ್ನೂ ನೋಡಿ. ನೀವು ಕಂಡ ಕಲ್ಲಿನ ಶಾಸನ ಎರಡರಲ್ಲೂ ಇಲ್ಲವೆಂದಾದರೆ ಕಲ್ಲಿಗೆ ಅಂಟಿದ ಮಣ್ಣನ್ನು ಬರೀ ನೀರಿನಲ್ಲಿ ಮೆತ್ತಗೆ ತೊಳೆದು, ಸಂಜೆಯ ಓರೆ ಬಿಸಿಲಿನಲ್ಲಿ ಚಿತ್ರ ತೆಗೆಯಿರಿ. ಅಕ್ಷರದ ತಗ್ಗು ಎದ್ದು ಕಾಣುವುದು ಆಗಲೇ. ಸುಣ್ಣ, ಬಣ್ಣ ಬಳಿಯಲೇಬೇಡಿ. ಊರು, ಸರ್ವೆ ನಂಬರು, ಎತ್ತರ, ಅಗಲ ಬರೆದು, ಪಾಠವನ್ನು ಕಲ್ಲಿನಲ್ಲಿರುವ ಸಾಲುಗಳ ಪ್ರಕಾರವೇ ಕೊಡಿ. ಮಾಸಿದ ಕಡೆ ಚುಕ್ಕೆ ಇಡಿ. ಊಹಿಸಿ ತುಂಬುವುದು ಆ ಕಲ್ಲಿಗೆ ಬಗೆಯುವ ದ್ರೋಹ. ಅರಸ ಯಾರೆಂದು ತಿಳಿಯದಿದ್ದರೂ ಚಿಂತೆಯಿಲ್ಲ, ಬಲ್ಲವರು ಹೇಳುತ್ತಾರೆ. 1916ರ ಕನ್ನಡ ಸಾಹಿತ್ಯ ಪರಿಷತ್ಪತ್ರಿಕೆ, 1919ರ ಪ್ರಬುದ್ಧ ಕರ್ಣಾಟಕಗಳ ಕಾಲದಿಂದಲೂ ಇಂಥ ಬರಹಕ್ಕೆ ಕನ್ನಡದಲ್ಲಿ ಜಾಗವಿದೆ. ಕರ್ನಾಟಕ ಇತಿಹಾಸ ಅಕಾಡೆಮಿಯ ಇತಿಹಾಸ ದರ್ಶನವೂ ಇದೆ. ಪದವಿಯಿಲ್ಲವೆಂದು ಹಿಂಜರಿಯದೆ ನಿಮ್ಮೂರಿನ ಕಲ್ಲಿನ ಲೇಖನವನ್ನು ಈ ವರ್ಷವೇ ಕಳಿಸಿ.