ಕುಂಡದ ಹುಣಸೆಗೆ ಬುಡವೇ ಮುಖ್ಯ

ಬೋನ್ಸಾಯ್ ಪುಸ್ತಕ ತೆರೆದರೆ ಮೊದಲು ಕಣ್ಣಿಗೆ ಬೀಳುವುದು ಜಪಾನಿನ ಮೇಪಲ್. ಅಂಗೈಯಾಕಾರದ ಪುಟ್ಟ ಎಲೆಗಳು, ಶರತ್ಕಾಲದಲ್ಲಿ ಕೆಂಡದ ಬಣ್ಣ. ಅಂಥದೇ ಗಿಡ ಬೇಕೆಂದು ಮಕ್ಕಳು ಹಟ ಹಿಡಿದರೆ ಆಶ್ಚರ್ಯವಿಲ್ಲ. ಆದರೆ ಮುಳಬಾಗಿಲಿನಲ್ಲಿ ಅದು ಬಾಳುವುದು ಕಷ್ಟ. ಎಲೆಯುದುರಿಸಿದ ಮೇಲೆ ಮೇಪಲ್‌ಗೆ ಕೊರೆಯುವ ಚಳಿಯಲ್ಲಿ ದೀರ್ಘ ವಿಶ್ರಾಂತಿ ಬೇಕು. ಇಲ್ಲಿನ ಧನುರ್ಮಾಸದ ಚಳಿ ಅದಕ್ಕೆ ಸಾಲದು. ಏಪ್ರಿಲ್ ಬಿಸಿಲಿಗೋ ಎಲೆಯಂಚು ಸುಟ್ಟುಹೋಗುತ್ತದೆ.

ಹಾಗೆಂದು ನಿರಾಶರಾಗಬೇಕಿಲ್ಲ. ಹೊಲದ ಬದುವಿನಲ್ಲೇ ಹುಣಸೆ ಇದೆ. ವರ್ಷವಿಡೀ ಹರಿಯುವ ನದಿಯಿಲ್ಲದ ಕೋಲಾರ ಜಿಲ್ಲೆಯ ಒಣಹವೆಗೆ ಒಗ್ಗಿದ ಮರ ಅದು. ಎಷ್ಟು ಗಟ್ಟಿ ಜೀವವೆಂಬುದನ್ನು ತಿಳಿಯಬೇಕಾದರೆ ದೇವನಹಳ್ಳಿ ಬಳಿಯ ನಲ್ಲೂರಿನ ಹಳೆಯ ಹುಣಸೆ ತೋಪನ್ನು ನೋಡಬೇಕು. 2007ರಲ್ಲಿ ಅದು ದೇಶದ ಮೊದಲ ಜೀವವೈವಿಧ್ಯ ಪಾರಂಪರಿಕ ತಾಣವೆನಿಸಿತು. ಬೋನ್ಸಾಯ್‌ಗೆ ಹುಣಸೆ ಒಗ್ಗಲು ಇನ್ನೊಂದು ಕಾರಣ ಎಲೆ. ಒಂದೊಂದು ಎಲೆಯೂ ಹತ್ತಾರು ಜೊತೆ ಕಿರು ಎಲೆಗಳಾಗಿ ಒಡೆದಿರುವುದರಿಂದ ಅರ್ಧ ಅಡಿಯ ಗಿಡವೂ ದೊಡ್ಡ ಮರದಂತೆ ತೋರುತ್ತದೆ. ಅರಳಿಯ ಅಗಲ ಎಲೆಗೆ ಈ ಅನುಕೂಲವಿಲ್ಲ.

ಇನ್ನು ಗಿಡ ಆರಿಸುವ ವಿಷಯ. ಹೆಚ್ಚಿನವರು ಕೊಂಬೆ, ಚಿಗುರು ನೋಡಿ ಮರುಳಾಗುತ್ತಾರೆ. ಕೊಂಬೆ ಒಂದೆರಡು ವರ್ಷದಲ್ಲಿ ಹೊಸದಾಗಿ ಬರುತ್ತದೆ, ಕೆಟ್ಟ ಬುಡವನ್ನು ತಿದ್ದಲು ಹತ್ತು ವರ್ಷವೂ ಸಾಲದೇ ಹೋಗಬಹುದು. ಆದ್ದರಿಂದ ಬುಡದ ಮಣ್ಣನ್ನು ಬೆರಳಿನಿಂದ ಕೆದಕಿ ನೋಡಿ. ಬೇರುಗಳು ನಾಲ್ಕೂ ಕಡೆಗೆ ಹರಡಿರಬೇಕು. ಒಂದೇ ಕಡೆ ಜೋತಿರುವುದು, ಒಂದು ಬೇರು ಇನ್ನೊಂದನ್ನು ಹಗ್ಗದಂತೆ ಸುತ್ತಿರುವುದು ಬೇಡ. ಕಾಂಡ ಬುಡದಲ್ಲಿ ದಪ್ಪಗಿದ್ದು ಮೇಲೆ ಹೋದಂತೆ ಸಣ್ಣಗಾಗಬೇಕು. ನರ್ಸರಿಯ ಕಸಿ ಗಿಡ ಹಣ್ಣಿಗೆ ಒಳ್ಳೆಯದು, ಬೋನ್ಸಾಯ್‌ಗೆ ಅಲ್ಲ. ಕಸಿ ಕಟ್ಟಿದ ಜಾಗದ ಗಂಟು ಅನೇಕ ವೇಳೆ ಹಾಗೇ ಉಳಿದುಬಿಡುತ್ತದೆ.

ಮೇಕೆಗಳು ವರ್ಷಗಟ್ಟಲೆ ಮೇಯ್ದ ಬದುವಿನ ಸಸಿಯನ್ನು ಯಾರೂ ಲೆಕ್ಕಿಸುವುದಿಲ್ಲ. ನಿಜವಾಗಿ ಉತ್ತಮ ಆಯ್ಕೆ ಅದೇ! ಚಿಗುರಿನ ತುದಿಯಲ್ಲಿ ಹುಟ್ಟುವ ಆಕ್ಸಿನ್ ಎಂಬ ಹಾರ್ಮೋನು ಕೆಳಗಿಳಿಯುತ್ತಾ ಪಕ್ಕದ ಮೊಗ್ಗುಗಳನ್ನು ಅದುಮಿಟ್ಟಿರುತ್ತದೆ. ಮೇಕೆ ತುದಿ ಕಚ್ಚಿದರೆ ಆ ಅಂಕೆ ತಪ್ಪಿ ಪಕ್ಕದ ಮೊಗ್ಗುಗಳು ಏಳುತ್ತವೆ. ಹೀಗೆ ಮತ್ತೆ ಮತ್ತೆ ನಡೆದು ಗಿಡ ಕುಳ್ಳಾಗಿ, ಬುಡ ದಪ್ಪವಾಗಿರುತ್ತದೆ. ಬೋನ್ಸಾಯ್ ಮಾಡುವವರ ಕತ್ತರಿ ಮಾಡುವುದೂ ಇದನ್ನೇ. ಜಮೀನಿನವರನ್ನು ಕೇಳಿಯೇ ಕೀಳಬೇಕು. ಅರಣ್ಯದ ಗಿಡಕ್ಕೆ ಕೈಹಾಕಬಾರದು.

ಮುಂಗಾರಿನ ಮಳೆ ಬಿದ್ದ ಮೇಲೆ ಅಗಲವಾಗಿ ಅಗೆದು, ಸಣ್ಣ ಬೇರುಗಳನ್ನು ಉಳಿಸಿಕೊಂಡು ಎಬ್ಬಿಸಿ. ತಕ್ಷಣವೇ ತಟ್ಟೆಯಂಥ ಕುಂಡಕ್ಕೆ ಹಾಕುವುದು ಅವಸರದ ಕೆಲಸ. ಒಂದೆರಡು ವರ್ಷ ದೊಡ್ಡ ಕುಂಡದಲ್ಲಿ ಚೇತರಿಸಿಕೊಳ್ಳಲಿ. ಬರೀ ಕೆಮ್ಮಣ್ಣು ತುಂಬಿದರೆ ಗಟ್ಟಿಯಾಗಿ ನೀರು ನಿಲ್ಲುತ್ತದೆ. ದಪ್ಪ ಮರಳು, ಇಟ್ಟಿಗೆ ಚೂರು, ಹಳೆಯ ಸಗಣಿ ಗೊಬ್ಬರ ಬೆರೆಸಿಕೊಳ್ಳಿ.

ಇದು ಗಿಡಕ್ಕೆ ಕೊಡುವ ಹಿಂಸೆಯಲ್ಲವೇ ಎಂದು ತಂದೆ ತಾಯಂದಿರು ಕೇಳುವುದುಂಟು. ನೀರು, ಗೊಬ್ಬರ ತಪ್ಪಿಸಿ ಗಿಡವನ್ನು ಕುಳ್ಳಾಗಿಸುವುದಿಲ್ಲ. ಹಾಗೆ ಮಾಡಿದರೆ ಅದು ಸಾಯುತ್ತದೆ ಅಷ್ಟೆ. ಬೇರು, ಚಿಗುರುಗಳನ್ನು ಆಗಾಗ ಕತ್ತರಿಸುವುದರಿಂದ ಗಾತ್ರ ಹಿಡಿತದಲ್ಲಿರುತ್ತದೆ. ವಂಶವಾಹಿಯಂತೂ ಬದಲಾಗುವುದೇ ಇಲ್ಲ. ಕುಂಡದ ಹುಣಸೆಯಲ್ಲಿ ಕಾಯಿ ಬಿಟ್ಟರೆ ಅದು ಮಾಮೂಲಿ ಗಾತ್ರದ್ದೇ, ಅದರ ಬೀಜವನ್ನು ನೆಲದಲ್ಲಿ ಬಿತ್ತಿದರೆ ಏಳುವುದೂ ಹೆಮ್ಮರವೇ. ನಿಜವಾದ ಹಿಂಸೆಯೆಂದರೆ ಇಂಥ ಗಿಡವನ್ನು ಅಲಂಕಾರಕ್ಕೆಂದು ಟಿ.ವಿ. ಪಕ್ಕದಲ್ಲಿಡುವುದು. ಹುಣಸೆಗೆ ಪೂರ್ತಿ ಬಿಸಿಲು ಬೇಕು. ತಾರಸಿಯ ಮೇಲಿಟ್ಟು, ಬೇಸಿಗೆಯಲ್ಲಿ ಬೆಳಗ್ಗೆ ಸಂಜೆ ಎರಡು ಹೊತ್ತೂ ಮಣ್ಣು ಮುಟ್ಟಿ ನೋಡಿ ನೀರು ಹಾಕುವ ಕೆಲಸವನ್ನು ಮಕ್ಕಳಿಗೇ ವಹಿಸಬಹುದು. ಸಂಜೆ ಹೋದಾಗ ಎಲೆಗಳು ಜೋಡಿಜೋಡಿಯಾಗಿ ಮಡಚಿಕೊಂಡಿದ್ದರೆ ಗಾಬರಿ ಬೇಡ. ಗಿಡ ಬಾಡಿಲ್ಲ, ಮಲಗಿದೆ.